ಕಾಫಿ ಪಣಂಬೂರಿನಲ್ಲಿ ಹಡಗು ಹತ್ತಿದರೂ ಕೊಲಂಬೊದಲ್ಲಿ ಇಳಿಯುವುದೇಕೆ?

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ. ಸಣ್ಣ ಮಟ್ಟದಲ್ಲಿ ಕಾಫಿ ರಫ್ತು ಮಾಡುತ್ತೇವೆ. ಇಟಲಿಗೆ ಹೋಗುವ ಕಂಟೇನರ್ ಪಣಂಬೂರಿನಲ್ಲಿ ಹಡಗು ಹತ್ತುತ್ತದೆ, ಆಮೇಲೆ ಕೊಲಂಬೊದಲ್ಲಿ ಇಳಿದು ಇನ್ನೊಂದು ಹಡಗಿಗೆ ಕಾಯುತ್ತಾ ಕೂರುತ್ತದೆ. ಪಣಂಬೂರಿನ ಈ ನವಮಂಗಳೂರು ಬಂದರು ಶುರುವಾಗಿ ಐವತ್ತು ವರ್ಷ ಆಯಿತು. ಆಳ ಇದೆ, ಕ್ರೇನ್ ಇದೆ. ದೊಡ್ಡ ಹಡಗು ನೇರವಾಗಿ ಯಾಕೆ ಬರುವುದಿಲ್ಲ? ಕೇರಳದಲ್ಲಿ ವಿಳಿಂಜಂ ಬಂದರು ಬಂದ ಮೇಲೆ ನಮಗೇನಾದರೂ ಲಾಭ ಇದೆಯಾ? ಅಂಕೋಲಾದ ಕೇಣಿಯಲ್ಲಿ ಹೊಸ ಬಂದರು ಆದರೆ?

ಉತ್ತರ: ಆಳ, ಬರ್ತ್ (ಹಡಗು ಕಟ್ಟುವ ಕಟ್ಟೆ), ಕ್ರೇನ್ ಇದ್ದರೆ ಹಡಗು ತಾನಾಗಿ ಬರುತ್ತದೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ಹಡಗು ಬರುವುದು ಪೆಟ್ಟಿಗೆ ಇರುವ ಕಡೆಗೆ. ಅದೂ ಹೋಗುವಾಗಲೂ ಬರುವಾಗಲೂ ತುಂಬುವಷ್ಟು, ವಾರ ವಾರವೂ ತಪ್ಪದೆ. ಮಂಗಳೂರಿಗೆ ಕೊರತೆ ಇರುವುದು ಅಲ್ಲೇ. ನನ್ನನ್ನು ಕೇಳಿದರೆ ನೀವು ಮದರ್ ಶಿಪ್ (ದೂರದ ದಾರಿಯ ದೊಡ್ಡ ಹಡಗು) ಆಸೆ ಬಿಟ್ಟು ಬೇರೆ ಒಂದೆರಡು ವಿಷಯಕ್ಕೆ ಜಗಳ ಮಾಡಬೇಕು. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ಲೆಕ್ಕ. ಕಂಟೇನರ್ ವ್ಯಾಪಾರದಲ್ಲಿ ಎಲ್ಲವನ್ನೂ ಟಿಇಯು ಎಂಬ ಅಳತೆಯಲ್ಲಿ ಎಣಿಸುತ್ತಾರೆ. 20 ಅಡಿ ಪೆಟ್ಟಿಗೆ ಅಂದರೆ ಒಂದು ಟಿಇಯು, 40 ಅಡಿಯದ್ದು ಎರಡು. ನವಮಂಗಳೂರು ಬಂದರು ಈಗ ವರ್ಷಕ್ಕೆ ನಿಭಾಯಿಸುವುದು ಹೆಚ್ಚುಕಡಿಮೆ ಒಂದೂವರೆಯಿಂದ ಎರಡು ಲಕ್ಷ ಟಿಇಯು. 52 ವಾರಕ್ಕೆ ಭಾಗಿಸಿ ನೋಡಿ, ವಾರಕ್ಕೆ ಮೂರು ಸಾವಿರದ ಮೇಲೆ ಚೂರು. ಇದರಲ್ಲಿ ರಫ್ತು, ಆಮದು, ಖಾಲಿ ಪೆಟ್ಟಿಗೆ ಎಲ್ಲ ಸೇರಿದೆ. ರಫ್ತನ್ನು ಮಾತ್ರ ತೆಗೆದುಕೊಂಡು, ಅದನ್ನೂ ಯೂರೋಪು, ಗಲ್ಫ್, ಪೂರ್ವ ಏಷ್ಯಾ ಅಂತ ದಿಕ್ಕಿಗೊಂದು ಪಾಲು ಮಾಡಿ, ಆ ಪಾಲನ್ನು ಮತ್ತೆ ಐದಾರು ಹಡಗು ಕಂಪನಿಗಳಿಗೆ ಹಂಚಿದರೆ ಒಂದು ಕಂಪನಿಯ ಯೂರೋಪ್ ಹಡಗಿಗೆ ವಾರಕ್ಕೆ ಸಿಗುವುದು ಕೆಲವೇ ನೂರು ಪೆಟ್ಟಿಗೆ. 14,000 ಟಿಇಯು ಹಡಗು ಅಷ್ಟಕ್ಕಾಗಿ ಪೈಲಟ್ ಹತ್ತಿಸಿಕೊಂಡು, ಟಗ್ ಹಿಡಿಸಿಕೊಂಡು, ಚಾನೆಲ್ ಒಳಗೆ ಬಂದು, ಬರ್ತಿಗೆ ಕಟ್ಟಿ, ಮತ್ತೆ ಬಿಡಿಸಿಕೊಂಡು ಹೊರಡುವುದಿಲ್ಲ. ಅಂಥ ಹಡಗಿನ ಒಂದು ದಿನದ ಬಾಡಿಗೆಯೇ ಹತ್ತಾರು ಸಾವಿರ ಡಾಲರ್. ಬೆಂಗಳೂರಿನಿಂದ ಮಂಗಳೂರಿಗೆ ಹೊರಟ ರಾತ್ರಿ ಬಸ್ಸು ಒಬ್ಬ ಪ್ರಯಾಣಿಕನಿಗಾಗಿ ಹೈವೇ ಬಿಟ್ಟು ಊರೊಳಗೆ ಬರುತ್ತದಾ? ಇದೂ ಅದೇ ಕಥೆ.

ಕಾಫಿಯನ್ನೇ ತೆಗೆದುಕೊಳ್ಳಿ. ಇಡೀ ಭಾರತ ವರ್ಷಕ್ಕೆ ಬೆಳೆಯುವುದು ಸುಮಾರು 3.6 ಲಕ್ಷ ಟನ್. 20 ಅಡಿ ಪೆಟ್ಟಿಗೆಗೆ 20 ಟನ್ ಎಂದು ಹಿಡಿದರೆ, ಒಂದು ಕಾಳೂ ಬಿಡದೆ ಎಲ್ಲವನ್ನೂ ರಫ್ತು ಮಾಡಿದರೂ 18,000 ಪೆಟ್ಟಿಗೆ. 2025ರ ಜೂನ್‌ನಲ್ಲಿ ವಿಳಿಂಜಂಗೆ ಬಂದ ಎಂಎಸ್‌ಸಿ ಐರಿನಾ ಎಂಬ ಹಡಗಿನ ಸಾಮರ್ಥ್ಯ 24,346 ಟಿಇಯು. ಅಂದರೆ ಜಾಗದ ಲೆಕ್ಕದಲ್ಲಿ ದೇಶದ ಇಡೀ ವರ್ಷದ ಕಾಫಿಗೆ ಅದೊಂದೇ ಹಡಗು ಸಾಕು. (ತೂಕದ ಲೆಕ್ಕದಲ್ಲಿ ಸಾಲದು, ಎರಡು ಟ್ರಿಪ್ ಬೇಕಾಗುತ್ತದೆ. ಕಾಫಿ ಭಾರದ ಸರಕು.) ನಮಗೆ ಬದುಕೇ ಆಗಿರುವ ಬೆಳೆ ಕಂಟೇನರ್ ಲೋಕದಲ್ಲಿ ಎಷ್ಟು ಸಣ್ಣದು ಅಂತ ಇದರಲ್ಲೇ ಗೊತ್ತಾಗುತ್ತದೆ.

ದೂರ ಜಾಸ್ತಿ ಅಂತ ಬರುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಅದು ಅರ್ಧ ನಿಜ ಅಷ್ಟೆ. ಸೂಯೆಜ್‌ನಿಂದ ಸಿಂಗಾಪುರಕ್ಕೆ ಹೋಗುವ ಮುಖ್ಯ ದಾರಿ ಶ್ರೀಲಂಕಾದ ದಕ್ಷಿಣಕ್ಕೆ ಹಾದುಹೋಗುತ್ತದೆ, ಅದರ ಪಕ್ಕದಲ್ಲೇ ಕೊಲಂಬೊ ಇದೆ ಎನ್ನುವುದು ಸರಿ. ಆದರೆ ಕೊಲಂಬೊದಿಂದ ಮುಂಬೈ ಹತ್ತಿರದ ನ್ಹಾವಾ ಶೇವಾ, ಗುಜರಾತಿನ ಮುಂದ್ರಾ ಕಡೆ ಹೋಗುವ ಹಡಗುಗಳು ನಮ್ಮ ಕರಾವಳಿಯ ಎದುರಿಂದಲೇ ಹೋಗುತ್ತವೆ, ಅಲ್ವಾ? 2025ರ ಜೂನ್ 9ರಂದು ಕೇರಳದ ಕಣ್ಣೂರು ಕಡೆಯ ಸಮುದ್ರದಲ್ಲಿ ಬೆಂಕಿ ಹತ್ತಿಕೊಂಡ ವಾನ್ ಹೈ 503 ನೆನಪಿರಬಹುದು. ಅದು ಕೊಲಂಬೊದಿಂದ ನ್ಹಾವಾ ಶೇವಾಕ್ಕೆ ಹೊರಟಿದ್ದ ಹಡಗು. ಉಳಿಸಿದ 18 ಸಿಬ್ಬಂದಿಯನ್ನು ನೌಕಾಪಡೆ ತಂದಿಳಿಸಿದ್ದು ಪಣಂಬೂರಿಗೇ. ಹಡಗುಗಳು ಎದುರಿಗೇ ಹೋಗುತ್ತಿವೆ. ಒಳಗೆ ಬರಲು ಕಾರಣ ಇಲ್ಲ, ಅಷ್ಟೆ.

ಇನ್ನೊಂದು ವಿಷಯ, ನವಮಂಗಳೂರು ಹುಟ್ಟಿದ್ದೇ ಕಂಟೇನರ್‌ಗಾಗಿ ಅಲ್ಲ. 1974ರಲ್ಲಿ ಅದು ಮೇಜರ್ ಪೋರ್ಟ್ (ಕೇಂದ್ರದ ಕೈಕೆಳಗಿನ ಬಂದರು) ಆದಾಗ ಕಣ್ಣ ಮುಂದೆ ಇದ್ದದ್ದು ಕುದುರೆಮುಖದ ಅದಿರು, ಗೊಬ್ಬರ. ಆಮೇಲೆ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕ ಬಂತು. ಈಗಲೂ ವರ್ಷಕ್ಕೆ ಸುಮಾರು 4.5 ಕೋಟಿ ಟನ್ ಸರಕಿನಲ್ಲಿ ಕಚ್ಚಾತೈಲ, ಪೆಟ್ರೋಲಿಯಂ, ಎಲ್‌ಪಿಜಿಯದ್ದೇ ದೊಡ್ಡ ಪಾಲು. ಇದರಿಂದ ನಿಮಗೇನು ತೊಂದರೆ ಎಂದರೆ, ತೈಲವೂ ಕಲ್ಲಿದ್ದಲೂ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಹಾಗಾಗಿ ಮಂಗಳೂರಿನಲ್ಲಿ ಖಾಲಿ ಕಂಟೇನರ್ ತಾನಾಗಿ ಉಳಿಯುವುದಿಲ್ಲ. ಆಫ್ರಿಕಾದಿಂದ ಬರುವ ಕಚ್ಚಾ ಗೋಡಂಬಿಯಂಥ ಒಂದಷ್ಟು ಆಮದಿನಿಂದ ಸ್ವಲ್ಪ ಸಿಗುತ್ತದೆ. ಉಳಿದದ್ದನ್ನು ಕಂಪನಿ ಬೇರೆ ಕಡೆಯಿಂದ ಖಾಲಿಯಾಗಿ ಹೊತ್ತು ತರಬೇಕು. ಆ ಖರ್ಚು ಯಾರ ಮೇಲೆ ಬೀಳುತ್ತದೆ? ನಿಮ್ಮ ಬಾಡಿಗೆ ಬಿಲ್ಲಿನ ಮೇಲೆ. ಅದೂ ಕಾಫಿಗೆ ಯಾವುದೋ ಪೆಟ್ಟಿಗೆ ಆಗುವುದಿಲ್ಲ. ವಾಸನೆ ಇರಬಾರದು, ತೇವ ಇರಬಾರದು, ತಳ ಸರಿಯಾಗಿರಬೇಕು. ಸೀಸನ್‌ನಲ್ಲಿ ಒಳ್ಳೆ 20 ಅಡಿ ಪೆಟ್ಟಿಗೆಗೆ ನೀವು ಫೋನ್ ಮೇಲೆ ಫೋನ್ ಮಾಡುವುದು ಇದಕ್ಕೇ.

ಈಗ ಕೊಲಂಬೊ ವಿಷಯಕ್ಕೆ ಬರೋಣ. ಅಲ್ಲಿ 2024ರಲ್ಲಿ ಸುಮಾರು 78 ಲಕ್ಷ ಟಿಇಯು ಆಯಿತು. ಈ ಸಂಖ್ಯೆ ನೋಡಿ ಹೊಟ್ಟೆ ಉರಿದುಕೊಳ್ಳುವ ಮುಂಚೆ ಒಂದು ಮಾತು. ಅದರಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಟ್ರಾನ್ಸ್‌ಶಿಪ್‌ಮೆಂಟ್, ಅಂದರೆ ಒಂದು ಹಡಗಿನಿಂದ ಇಳಿದು ಇನ್ನೊಂದಕ್ಕೆ ಹತ್ತುವ ಪೆಟ್ಟಿಗೆ. ಅದನ್ನು ಇಳಿಸುವಾಗ ಒಮ್ಮೆ, ಹತ್ತಿಸುವಾಗ ಒಮ್ಮೆ, ಹೀಗೆ ಎರಡು ಸಲ ಎಣಿಸುತ್ತಾರೆ. ಅಂಕಿ ದೊಡ್ಡದಾಗಿ ಕಾಣುತ್ತದೆ. ಬಂದರಿಗೆ ಒಂದೊಂದು ಪೆಟ್ಟಿಗೆಯಿಂದ ಸಿಗುವ ದುಡ್ಡು ಮಾತ್ರ ಕಡಿಮೆ, ಯಾಕೆಂದರೆ ಹಡಗು ಕಂಪನಿ ನಾಳೆಯೇ ಬೇರೆ ಬಂದರಿಗೆ ಹೋಗುತ್ತೇನೆ ಎಂದು ಹೆದರಿಸಿ ದರ ಇಳಿಸಬಹುದು. ಟ್ರಾನ್ಸ್‌ಶಿಪ್‌ಮೆಂಟ್ ಸರಕಿಗೆ ಊರಿನ ಋಣ ಇರುವುದಿಲ್ಲ. ಬಂದರು ಕಟ್ಟುವ ರಾಜಕಾರಣಿಗಳು ಈ ಭಾಗವನ್ನು ಹೇಳುವುದಿಲ್ಲ.

ನಮ್ಮ ಸರ್ಕಾರದ ಲೆಕ್ಕದ ಪ್ರಕಾರ ಭಾರತದ ಟ್ರಾನ್ಸ್‌ಶಿಪ್‌ಮೆಂಟ್ ಸರಕಿನಲ್ಲಿ ಸುಮಾರು 75 ಶೇಕಡಾ ಹೊರದೇಶದ ಬಂದರುಗಳಲ್ಲಿ ನಡೆಯುತ್ತಿತ್ತು. ಅದರಲ್ಲಿ ಕೊಲಂಬೊ, ಸಿಂಗಾಪುರ, ಮಲೇಷ್ಯಾದ ಕ್ಲಾಂಗ್ ಈ ಮೂರರದ್ದೇ 85 ಶೇಕಡಾಕ್ಕಿಂತ ಜಾಸ್ತಿ. ಹೀಗಾದದ್ದಕ್ಕೆ ಸಮುದ್ರದ ದಾರಿ ಒಂದು ಕಾರಣ. ಆದರೆ ನಮ್ಮದೇ ಕಾನೂನುಗಳು ಇನ್ನೂ ದೊಡ್ಡ ಕಾರಣ. ಈ ಭಾಗ ಸ್ವಲ್ಪ ನಿಧಾನವಾಗಿ ಓದಿ.

1958ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯಲ್ಲಿ ಕ್ಯಾಬೊಟಾಜ್ ಅಂತ ಒಂದು ನಿಯಮ ಇತ್ತು. ಭಾರತದ ಒಂದು ಬಂದರಿನಿಂದ ಇನ್ನೊಂದು ಬಂದರಿಗೆ ಸರಕು ಸಾಗಿಸುವುದು ಭಾರತದ ಬಾವುಟದ ಹಡಗಿನ ಹಕ್ಕು. ವಿದೇಶಿ ಹಡಗು ಮಾಡಬೇಕೆಂದರೆ ಲೈಸೆನ್ಸ್ ಬೇಕು. ಉದ್ದೇಶ ಒಳ್ಳೆಯದೇ, ನಮ್ಮ ಹಡಗು ಕಂಪನಿಗಳು ಉಳಿಯಲಿ ಅಂತ. ಆದರೆ ಫಲ ಏನಾಯಿತು? ವಿದೇಶಿ ಕಂಪನಿಯೊಂದು ನಿಮ್ಮ ಪೆಟ್ಟಿಗೆಯನ್ನು ಮಂಗಳೂರಿನಿಂದ ತನ್ನದೇ ಫೀಡರ್‌ನಲ್ಲಿ (ದೊಡ್ಡ ಹಡಗಿಗೆ ಪೆಟ್ಟಿಗೆ ತಲುಪಿಸುವ ಸಣ್ಣ ಹಡಗು) ಕೊಚ್ಚಿಗೆ ತಂದು ಅಲ್ಲಿ ದೊಡ್ಡ ಹಡಗಿಗೆ ಹಾಕಲು ಅಡ್ಡಿ. ಅದೇ ಕಂಪನಿ ಅದೇ ಪೆಟ್ಟಿಗೆಯನ್ನು ಕೊಲಂಬೊಗೆ ಒಯ್ದರೆ ಯಾವ ಅಡ್ಡಿಯೂ ಇಲ್ಲ, ಯಾಕೆಂದರೆ ಅದು ವಿದೇಶ! ನಾವೇ ಕಾನೂನು ಮಾಡಿ ನಮ್ಮ ಸರಕನ್ನು ಹೊರಗೆ ಕಳಿಸಿದೆವು. ರಫ್ತು-ಆಮದಿನ ಕಂಟೇನರ್ ಮತ್ತು ಖಾಲಿ ಪೆಟ್ಟಿಗೆಗೆ ಈ ನಿಯಮ ದೇಶಪೂರ್ತಿ ಸಡಿಲವಾದದ್ದು 2018ರ ಮೇ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಕೊಲಂಬೊ ಬೇರು ಬಿಟ್ಟಾಗಿತ್ತು. ಅಲ್ಲಿ 1999ರಲ್ಲೇ ಖಾಸಗಿ ಟರ್ಮಿನಲ್ ಬಂದಿತ್ತು, ಅದರಲ್ಲಿ ದೊಡ್ಡ ಹಡಗು ಕಂಪನಿ ಮಾರ್ಸ್ಕ್‌ನ ಗುಂಪಿಗೇ ಪಾಲು. 2013ರಲ್ಲಿ ಚೀನಾದ ಚೈನಾ ಮರ್ಚೆಂಟ್ಸ್ 18 ಮೀಟರ್ ಆಳದ ಟರ್ಮಿನಲ್ ಶುರು ಮಾಡಿತು. 2025ರಲ್ಲಿ ಅದಾನಿಯ ಪಾಲಿರುವ ಟರ್ಮಿನಲ್ ಕೂಡ ಅಲ್ಲಿ ಶುರುವಾಯಿತು. ವಿಳಿಂಜಂ ನಡೆಸುವವರೂ ಅವರೇ, ಎದುರಾಳಿ ಕೊಲಂಬೊದಲ್ಲೂ ಅವರೇ. ಬಂದರು ವ್ಯಾಪಾರದಲ್ಲಿ ಇದು ಮಾಮೂಲು.

ಎರಡನೆಯದು ದರದ ವಿಷಯ. ನಮ್ಮ ಸಂವಿಧಾನದಲ್ಲಿ ಮೇಜರ್ ಪೋರ್ಟ್ ಕೇಂದ್ರದ ಪಟ್ಟಿಯಲ್ಲಿದೆ, ಉಳಿದ ಬಂದರು ಸಮವರ್ತಿ ಪಟ್ಟಿಯಲ್ಲಿದೆ. ಹಾಗಾಗಿ ಪಣಂಬೂರು ಕೇಂದ್ರದ್ದು. ಕಾರವಾರ, ಮಂಗಳೂರಿನ ಹಳೆ ಬಂದರು ರಾಜ್ಯದ್ದು. ಮೇಜರ್ ಪೋರ್ಟ್‌ಗಳ ದರ ನಿಗದಿ ಮಾಡಲು 1997ರಲ್ಲಿ ಟ್ಯಾಂಪ್ ಅಂತ ಒಂದು ಪ್ರಾಧಿಕಾರ ಮಾಡಿದರು. ಹಳೆಯ ಪದ್ಧತಿ ಹೇಗಿತ್ತು ಗೊತ್ತಾ? ಖರ್ಚು ಲೆಕ್ಕ ಹಾಕು, ಅದರ ಮೇಲೆ ಇಷ್ಟು ಲಾಭ ಸೇರಿಸು. ಟರ್ಮಿನಲ್ ಚುರುಕಾಗಿ ಕೆಲಸ ಮಾಡಿ ಜಾಸ್ತಿ ಪೆಟ್ಟಿಗೆ ಎತ್ತಿದರೆ ಪೆಟ್ಟಿಗೆಗೆ ತಗಲುವ ಖರ್ಚು ಇಳಿಯುತ್ತದೆ, ಆಗ ದರವನ್ನೂ ಇಳಿಸು! ಚೆನ್ನಾಗಿ ಓದಿದ ಹುಡುಗನ ಅಂಕ ಕಡಿತ ಮಾಡುವ ಮೇಷ್ಟ್ರ ಹಾಗೆ ಅನ್ನಬೇಕೆನಿಸುತ್ತದೆ, ಆದರೆ ಸುಮ್ನೆ ಬಿಡುತ್ತೇನೆ. ಅದೇ ಹೊತ್ತಿಗೆ ಗುಜರಾತ್ ಮ್ಯಾರಿಟೈಮ್ ಬೋರ್ಡ್ ಕೆಳಗಿದ್ದ ಮುಂದ್ರಾಗೆ ಟ್ಯಾಂಪ್ ಹಂಗೇ ಇರಲಿಲ್ಲ. ಹಡಗು ಕಂಪನಿ ಜೊತೆ ಕೂತು ಮಾತಾಡಿ ದರ ಮಾಡಿಕೊಳ್ಳಬಹುದಿತ್ತು. ಇವತ್ತು ಮುಂದ್ರಾ ಕಂಟೇನರ್‌ನಲ್ಲಿ ನ್ಹಾವಾ ಶೇವಾವನ್ನು ಹಿಂದೆ ಹಾಕಿದೆ. 2021ರ ಮೇಜರ್ ಪೋರ್ಟ್ ಅಥಾರಿಟೀಸ್ ಕಾಯ್ದೆ ಬಂದ ಮೇಲೆ ಪರಿಸ್ಥಿತಿ ಬದಲಾಗಿದೆ. ಪ್ರತಿ ಬಂದರಿನ ಮಂಡಳಿಯೇ ತನ್ನ ದರ ನಿಗದಿ ಮಾಡಬಹುದು. ಬಂದರು ಜಾಗದ ಮಾಲೀಕನಾಗಿ ಉಳಿದು, ಕ್ರೇನ್ ಕೆಲಸವನ್ನು ಖಾಸಗಿಗೆ ಕೊಡುವ ಪದ್ಧತಿ ಎಲ್ಲ ಕಡೆ ಬಂದಿದೆ. ಪಣಂಬೂರಿನ 14ನೇ ಬರ್ತ್ ಕಂಟೇನರ್ ಟರ್ಮಿನಲ್ ಆಗಿ ಜೆಎಸ್‌ಡಬ್ಲ್ಯು ಕೈಗೆ ಹೋದದ್ದು ಈ ದಾರಿಯಲ್ಲೇ.

ಈಗ ವಿಳಿಂಜಂ. ಅದಕ್ಕೂ ಮೊದಲು ವಲ್ಲಾರ್ಪಾಡಂ ಕಥೆ ಕೇಳಿ, ಯಾಕೆಂದರೆ 2011ರ ಫೆಬ್ರವರಿಯಲ್ಲಿ ಕೊಚ್ಚಿಯ ಆ ಟರ್ಮಿನಲ್ ಉದ್ಘಾಟನೆ ಆದಾಗಲೂ ಇನ್ನು ಕೊಲಂಬೊ ಮುಗಿಯಿತು ಎಂದೇ ಎಲ್ಲರೂ ಬರೆದರು. ಮುಗಿಯಲಿಲ್ಲ. ಕೊಚ್ಚಿಯ ಚಾನೆಲ್‌ಗೆ ಹೂಳು ತುಂಬುತ್ತಲೇ ಇರುತ್ತದೆ, ಡ್ರೆಜಿಂಗ್‌ಗೆ ವರ್ಷ ವರ್ಷ ಕೋಟಿಗಟ್ಟಲೆ ಬೇಕು. ನಡೆಸುವ ಡಿಪಿ ವರ್ಲ್ಡ್ ಆದಾಯದ ಮೂರನೇ ಒಂದು ಪಾಲನ್ನು ಬಂದರಿಗೆ ಕೊಡಬೇಕು, ಆ ಭಾರ ಹೊತ್ತು ಕೊಲಂಬೊ ಜೊತೆ ದರದಲ್ಲಿ ಸ್ಪರ್ಧೆ ಮಾಡುವುದು ಹೇಗೆ? ಕ್ಯಾಬೊಟಾಜ್ ವಿನಾಯಿತಿ ಅಲ್ಲಿಗೆ ಸಿಕ್ಕಿದ್ದೂ ಒಂದು ವರ್ಷ ತಡವಾಗಿ, 2012ರಲ್ಲಿ. ಕೊನೆಗೆ ವಲ್ಲಾರ್ಪಾಡಂ ಕೇರಳದ ಸ್ವಂತ ಸರಕಿನ ಬಂದರಾಗಿ ಬೆಳೆಯಿತು. ಬೇರೆ ಕಡೆಯ ಪೆಟ್ಟಿಗೆಗಳು ಹಡಗು ಬದಲಾಯಿಸುವ ಹಬ್ ಆಗಲಿಲ್ಲ.

ವಿಳಿಂಜಂಗೆ ಆ ರೋಗಗಳಿಲ್ಲ. 18ರಿಂದ 20 ಮೀಟರ್ ಸಹಜ ಆಳ, ಹೂಳು ಕಡಿಮೆ, ಅಂತರರಾಷ್ಟ್ರೀಯ ದಾರಿಯಿಂದ ಸುಮಾರು 10 ನಾಟಿಕಲ್ ಮೈಲಿ. ಮೊದಲ ಮದರ್ ಶಿಪ್ ಬಂದದ್ದು 2024ರ ಜುಲೈನಲ್ಲಿ, ವಾಣಿಜ್ಯ ಕೆಲಸ ಶುರುವಾದದ್ದು ಅದೇ ಡಿಸೆಂಬರ್‌ನಲ್ಲಿ, ಮೊದಲ ವರ್ಷದಲ್ಲೇ 10 ಲಕ್ಷ ಟಿಇಯು ದಾಟಿತು. ಇದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಅಲ್ಲಿಗೆ ಬರುವ ಹಡಗುಗಳಲ್ಲಿ ಹೆಚ್ಚಿನವು ಎಂಎಸ್‌ಸಿ ಎಂಬ ಒಂದೇ ಕಂಪನಿಯವು. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ ಹೀಗೆ: ನಿಮ್ಮ ಪೆಟ್ಟಿಗೆ ಎಂಎಸ್‌ಸಿಯಲ್ಲಿ ಹೋಗುತ್ತಿದ್ದರೆ ಕೊಲಂಬೊ ಬದಲು ವಿಳಿಂಜಂನಲ್ಲಿ ಹಡಗು ಬದಲಾಯಿಸುವ ಸಾಧ್ಯತೆ ಇದೆ. ಮಾರ್ಸ್ಕ್, ಹಪಾಗ್ ಲಾಯ್ಡ್‌ನಲ್ಲಿ ಹೋಗುತ್ತಿದ್ದರೆ ಅವರ ಲೆಕ್ಕವೇ ಬೇರೆ. ಅವರಿಬ್ಬರೂ 2025ರ ಫೆಬ್ರವರಿಯಿಂದ ಜೆಮಿನೈ ಅಂತ ಜೊತೆಯಾಗಿದ್ದಾರೆ. ದೊಡ್ಡ ಹಡಗು ಕೆಲವೇ ಬಂದರಿಗೆ ಹೋಗಬೇಕು, ಉಳಿದ ಕಡೆಗೆಲ್ಲ ಶಟಲ್ ಓಡಿಸಬೇಕು ಎನ್ನುವುದು ಅವರ ಪದ್ಧತಿ. ಅದಕ್ಕೆ ಅವರು ಆರಿಸಿಕೊಂಡ ಹಬ್‌ಗಳು ಬಹುಪಾಲು ತಮ್ಮ ಪಾಲು ಇರುವ ಟರ್ಮಿನಲ್‌ಗಳೇ. ಒಮಾನಿನ ಸಲಾಲಾ ಅಂಥದ್ದು. ಎರಡೂ ದಾರಿಯಲ್ಲಿ ಮಂಗಳೂರು ಫೀಡರ್ ಬಂದರಾಗಿಯೇ ಉಳಿಯುತ್ತದೆ. ನಿಮಗೆ ಲಾಭ ಬರುವುದು ಹಬ್‌ಗಳ ಪೈಪೋಟಿಯಿಂದ, ಕಾಯುವ ದಿನ ಕಡಿಮೆ ಆಗುವುದರಿಂದ.

ಫೀಡರ್ ಎಂದ ಕೂಡಲೇ ಇದನ್ನೂ ಹೇಳಬೇಕು. 2025ರ ಮೇ 25ರಂದು ಕೊಚ್ಚಿ ಹತ್ತಿರ ಮುಳುಗಿದ ಎಂಎಸ್‌ಸಿ ಎಲ್ಸಾ 3 ವಿಳಿಂಜಂನಿಂದ ಕೊಚ್ಚಿಗೆ 640 ಪೆಟ್ಟಿಗೆ ಹೊತ್ತು ಹೊರಟಿದ್ದ ಫೀಡರ್. ಕಟ್ಟಿದ್ದು 1997ರಲ್ಲಿ. ಹೊಸ ಹಡಗು ದೊಡ್ಡ ದಾರಿಗೆ, ಹಳೆ ಹಡಗು ಫೀಡರ್‌ಗೆ ಎನ್ನುವುದು ಈ ವ್ಯಾಪಾರದ ರೂಢಿ. ಹಬ್ ಬೆಳೆದರೆ ನಮ್ಮ ಕರಾವಳಿಯಲ್ಲಿ ಇಂಥ ಹಡಗುಗಳ ಓಡಾಟವೂ ಬೆಳೆಯುತ್ತದೆ. ಅವುಗಳ ತಪಾಸಣೆಯ ಬಗ್ಗೆ ಮೀನುಗಾರರು ಮಾತ್ರ ಕೂಗಿದರೆ ಸಾಲದು, ಸರಕಿನ ಮಾಲೀಕರೂ ಕೇಳಬೇಕು. ಪೆಟ್ಟಿಗೆ ಮುಳುಗಿದರೆ ಕಾಫಿ ನಿಮ್ಮದೇ.

ಹಡಗು ದೊಡ್ಡದಾದಷ್ಟೂ ಬಾಡಿಗೆ ಅಗ್ಗ ಎನ್ನುವ ನಂಬಿಕೆಯನ್ನೂ ಸ್ವಲ್ಪ ಅನುಮಾನದಿಂದ ನೋಡಿ. ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿಯ ಸಾರಿಗೆ ವೇದಿಕೆ 2015ರಲ್ಲಿ ಇದನ್ನು ಲೆಕ್ಕ ಹಾಕಿತ್ತು. 15,000ದಿಂದ 19,000 ಟಿಇಯು ಹಡಗಿಗೆ ಹೋದಾಗ ಆದ ಉಳಿತಾಯದಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಹಡಗಿನ ಗಾತ್ರದಿಂದ ಬಂದದ್ದಲ್ಲ, ನಿಧಾನವಾಗಿ ಓಡಲು ಹೊಂದಿಸಿದ ಹೊಸ ಎಂಜಿನ್‌ನಿಂದ ಬಂದದ್ದು. ಆ ದೈತ್ಯ ಹಡಗಿಗಾಗಿ ಆಳ ಮಾಡುವ, ಕ್ರೇನ್ ಎತ್ತರಿಸುವ ಖರ್ಚು ಮಾತ್ರ ಬಂದರಿನದ್ದು, ಅಂದರೆ ಬಹಳ ಕಡೆ ಜನರ ತೆರಿಗೆಯದ್ದು.

ಸಂಶೋಧನೆ ಯಾವ ಕಡೆ ಹೋಗುತ್ತಿದೆ ಎಂದು ನೋಡಿದರೆ ಮಂಗಳೂರಿನ ಸಮಸ್ಯೆ ಇನ್ನೂ ಸ್ಪಷ್ಟವಾಗುತ್ತದೆ. ಹಿಂದೆಲ್ಲ ಬಂದರು ಅರ್ಥಶಾಸ್ತ್ರ ಎಂದರೆ ಬರ್ತ್ ಉದ್ದ ಎಷ್ಟು, ಕ್ರೇನ್ ಎಷ್ಟು, ಗಂಟೆಗೆ ಎಷ್ಟು ಪೆಟ್ಟಿಗೆ ಎತ್ತುತ್ತಾರೆ ಎಂದು ಅಳೆದು ದಕ್ಷತೆಯ ಅಂಕ ಕೊಡುವುದು. ಇಂಥ ಪ್ರಬಂಧಗಳು ರಾಶಿ ರಾಶಿ ಇವೆ. ಈಗ ಹಡಗುಗಳು ತಾವು ಎಲ್ಲಿದ್ದೇವೆ ಎಂದು ಕಳಿಸುವ ಎಐಎಸ್ ಸಿಗ್ನಲ್ ಸಿಗುವುದರಿಂದ ಪ್ರತಿ ಹಡಗು ಎಲ್ಲಿ ಎಷ್ಟು ಗಂಟೆ ನಿಂತಿತು ಎಂದು ಹೊರಗಿನಿಂದಲೇ ನೋಡಬಹುದು. ವಿಶ್ವಬ್ಯಾಂಕ್ ಪಟ್ಟಿ ಮಾಡುವುದೂ ಹಡಗು ನಿಂತ ಸಮಯದಿಂದಲೇ. ಅದರಲ್ಲಿ ವಿಶಾಖಪಟ್ಟಣ ಒಂದೇ ವರ್ಷದಲ್ಲಿ 115ರಿಂದ 19ಕ್ಕೆ ಏರಿತು. ಸಂತೋಷ. ಆದರೆ ಒಂದು ವರ್ಷದಲ್ಲಿ ನೂರು ಸ್ಥಾನ ಜಿಗಿಯುವ ಅಳತೆಯನ್ನು ನಾನು ತಲೆ ಮೇಲೆ ಹೊತ್ತು ಮೆರೆಸುವುದಿಲ್ಲ. ಅದು ಹಡಗಿನ ಅನುಕೂಲವನ್ನು ಅಳೆಯುತ್ತದೆ. ನಿಮ್ಮ ಪೆಟ್ಟಿಗೆ ಕ್ಯೂರಿಂಗ್ ವರ್ಕ್ಸ್‌ನಿಂದ (ಕಾಫಿ ಸಂಸ್ಕರಿಸುವ ಕಾರ್ಖಾನೆ) ಹೊರಟು ಹಡಗು ಹತ್ತುವವರೆಗೆ ಎಷ್ಟು ದಿನ ಆಯಿತು ಎನ್ನುವುದು ಅದರಲ್ಲಿ ಬರುವುದಿಲ್ಲ.

ನಿಮಗೆ ಬೇಕಾದ ವಿಚಾರ ಬೇರೆ ಕಡೆ ಇದೆ. ಥಿಯೋ ನಾಟೆಬೂಮ್ ಮತ್ತು ಜಾನ್ ಪಾಲ್ ರಾಡ್ರಿಗ್ ಎಂಬ ಇಬ್ಬರು 2005ರಲ್ಲೇ ಬರೆದರು: ಬಂದರುಗಳ ಪೈಪೋಟಿ ಈಗ ನಡೆಯುವುದು ಸಮುದ್ರದಲ್ಲಲ್ಲ, ಒಳನಾಡಿನ ರಸ್ತೆ, ರೈಲು, ಡ್ರೈ ಪೋರ್ಟ್‌ಗಳಲ್ಲಿ (ಒಳನಾಡಿನ ಕಂಟೇನರ್ ಡಿಪೋಗಳು). ಮಂಗಳೂರಿಗೆ ಈ ಮಾತು ಅಳತೆ ಮಾಡಿ ಹೊಲಿಸಿದಂತಿದೆ. ಕರ್ನಾಟಕದ ಪೆಟ್ಟಿಗೆಗಳು ಹುಟ್ಟುವುದು ಬೆಂಗಳೂರು ಸುತ್ತ. ಅಲ್ಲಿಂದ ಚೆನ್ನೈಗೂ ಮಂಗಳೂರಿಗೂ ದೂರ ಹೆಚ್ಚುಕಡಿಮೆ ಒಂದೇ, ಸುಮಾರು 350 ಕಿಲೋಮೀಟರ್. ಆದರೆ ಚೆನ್ನೈ ದಾರಿ ಇಳಿಜಾರಿನ ಬಯಲು. ವೈಟ್‌ಫೀಲ್ಡ್ ಡಿಪೋದಿಂದ ಕಂಟೇನರ್ ರೈಲು ಸಲೀಸಾಗಿ ಹೋಗುತ್ತದೆ. ಮಂಗಳೂರಿಗೆ ಘಟ್ಟ ಇಳಿಯಬೇಕು. ಸಕಲೇಶಪುರ–ಸುಬ್ರಹ್ಮಣ್ಯ ನಡುವೆ ಸುಮಾರು 55 ಕಿಲೋಮೀಟರ್, 50ಕ್ಕೆ 1ರ ಏರು, ಹಿಂದಿನಿಂದ ನೂಕಲು ಬ್ಯಾಂಕರ್ ಎಂಜಿನ್. 1996ರಲ್ಲಿ ಮೀಟರ್ ಗೇಜ್ ನಿಲ್ಲಿಸಿ ಬ್ರಾಡ್ ಗೇಜ್‌ನಲ್ಲಿ ಗೂಡ್ಸ್ ಓಡುವ ಹೊತ್ತಿಗೆ 2006. ಆ ಹತ್ತು ವರ್ಷದಲ್ಲಿ ಬೆಂಗಳೂರಿನ ಸರಕು ಚೆನ್ನೈಗೆ ಒಗ್ಗಿಹೋಯಿತು. ಮಳೆಗಾಲ ಬಂದರೆ ಇನ್ನೂ ಕಷ್ಟ. 2024ರ ಜುಲೈನಲ್ಲಿ ಶಿರಾಡಿ ರಸ್ತೆಯೂ ಕುಸಿಯಿತು, ರೈಲು ಹಳಿಯ ಕೆಳಗೂ ಕುಸಿಯಿತು. ಒಂದೇ ಹೊತ್ತಿಗೆ ಎರಡೂ ದಾರಿ ಮುಚ್ಚುವ ಬಂದರಿಗೆ ಬೆಂಗಳೂರಿನ ಗಾರ್ಮೆಂಟ್ ಕಂಪನಿ ತನ್ನ ಸರಕು ಒಪ್ಪಿಸುವುದಿಲ್ಲ. ಅವರ ಪೆಟ್ಟಿಗೆ ಬರದೆ ಫೀಡರ್ ಹೆಚ್ಚುವುದಿಲ್ಲ, ಫೀಡರ್ ಹೆಚ್ಚದೆ ನಿಮ್ಮ ಕಾಫಿ ಕಾಯುವುದು ನಿಲ್ಲುವುದಿಲ್ಲ.

ಹಾಗಾಗಿ ನಾನು ಜಗಳ ಮಾಡಿ ಅಂದದ್ದು ಇವಕ್ಕೆ. ಘಟ್ಟದ ರಸ್ತೆ ಮತ್ತು ರೈಲು ಮಳೆಗಾಲದಲ್ಲೂ ತೆರೆದಿರಬೇಕು. ಹಾಸನ ಕಡೆಯಿಂದ ವಾರಕ್ಕೆ ಇಂಥ ದಿನ ಅಂತ ಖಚಿತವಾದ ಕಂಟೇನರ್ ರೈಲು ಬೇಕು, ತುಂಬಿದಾಗ ಹೊರಡುವ ರೈಲಲ್ಲ. ದರ ನಿಗದಿ ಮಾಡುವ ಹಕ್ಕು ಈಗ ಮಂಡಳಿಗೇ ಇರುವುದರಿಂದ, ಹೆಚ್ಚುವರಿ ಫೀಡರ್‌ಗೂ ಖಾಲಿ ಪೆಟ್ಟಿಗೆ ತಂದಿಳಿಸುವವರಿಗೂ ರಿಯಾಯಿತಿ ಕೊಡಿ ಎಂದು ಕೇಳಬೇಕು. ಇವು ಕ್ರೇನ್ ಉದ್ಘಾಟನೆಯಷ್ಟು ಫೋಟೊಗೆ ಚೆನ್ನಾಗಿ ಬರುವುದಿಲ್ಲ, ನಿಜ.

ನಿಮ್ಮ ಕೈಯಲ್ಲೇ ಇರುವುದೂ ಒಂದಿದೆ. ನೀವು ಎಫ್‌ಒಬಿ (ಹಡಗು ಹತ್ತಿಸುವವರೆಗೆ ಖರ್ಚು ನಿಮ್ಮದು, ಆಮೇಲಿನ ಬಾಡಿಗೆ ಖರೀದಿದಾರರದ್ದು) ಮೇಲೆ ಮಾರುತ್ತಿದ್ದೀರಿ ಅಂದುಕೊಂಡಿದ್ದೇನೆ, ಕಾಫಿಯಲ್ಲಿ ಅದೇ ರೂಢಿ. ಹಾಗಿದ್ದರೆ ಹಡಗು ಕಂಪನಿಯನ್ನು ಆರಿಸುವುದು ನೀವಲ್ಲ, ನಿಮ್ಮ ಇಟಲಿಯ ಖರೀದಿದಾರ. ಅವರು ಬಾಡಿಗೆ ನೋಡಿ ಆರಿಸುತ್ತಾರೆ. ಎಲ್ಲಿ ಹಡಗು ಬದಲಾಗುತ್ತದೆ, ಎಷ್ಟು ದಿನ ಕಾಯುತ್ತದೆ ಎನ್ನುವುದು ಅವರಿಗೆ ಆಮೇಲಿನ ಮಾತು. ಮುಂದಿನ ಕರಾರಿಗೆ ಮುಂಚೆ ನಿಮ್ಮ ಕ್ಲಿಯರಿಂಗ್ ಏಜೆಂಟ್ ಹತ್ತಿರ ಪ್ರತಿ ಕಂಪನಿಯ ಟ್ರಾನ್ಸ್‌ಶಿಪ್‌ಮೆಂಟ್ ಬಂದರು ಮತ್ತು ಒಟ್ಟು ದಿನ ಕೇಳಿ, ಒಂದು ಹಾಳೆಯಲ್ಲಿ ಬರೆದು ಖರೀದಿದಾರರಿಗೆ ಕಳಿಸಿ. ಕೊಚ್ಚಿ, ಚೆನ್ನೈ ದಾರಿಯದ್ದನ್ನೂ ಸೇರಿಸಿ. ಕೆಂಪು ಸಮುದ್ರದಲ್ಲಿ 2023ರ ನವೆಂಬರ್‌ನಿಂದ ಹೌತಿಗಳ ದಾಳಿ ಶುರುವಾಗಿ ಯೂರೋಪ್ ಹಡಗುಗಳು ಆಫ್ರಿಕಾ ಸುತ್ತಿ ಹೋಗತೊಡಗಿದಾಗ ಪ್ರಯಾಣದ ಸಮಯ ಎರಡು ವಾರದವರೆಗೆ ಹೆಚ್ಚಾಯಿತಲ್ಲ, ಅವತ್ತಿನಿಂದ ಅವರೂ ದಿನದ ಲೆಕ್ಕವನ್ನು ಗಮನ ಕೊಟ್ಟು ಕೇಳುತ್ತಾರೆ.

ಕೇಣಿ ಬಗ್ಗೆ: 2023ರಲ್ಲಿ ಜೆಎಸ್‌ಡಬ್ಲ್ಯುಗೆ ಸಿಕ್ಕ ಆ ಯೋಜನೆ ಮುಖ್ಯವಾಗಿ ಕಲ್ಲಿದ್ದಲು, ಅದಿರಿನಂಥ ರಾಶಿ ಸರಕಿಗಾಗಿ, ಹಿಂದೆ ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗಳಿವೆ. ಅಲ್ಲಿನ ಮೀನುಗಾರರ ವಿರೋಧ ಇನ್ನೂ ಬಗೆಹರಿದಿಲ್ಲ. ಅದು ಆದರೂ ಆಗದಿದ್ದರೂ ಮೂಡಿಗೆರೆಯ ಕಾಫಿ ಪೆಟ್ಟಿಗೆಗೆ ವ್ಯತ್ಯಾಸ ಏನೂ ಇಲ್ಲ.